ಮನೆಬಳಕೆಯ ಮಿತವ್ಯಯಿ ವಿದ್ಯುದ್ದೀಪಗಳು

ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಕೊಡುವ, ಮನೆಯಲ್ಲಿ ಮೊದಲೇ ಇರುವ ಹೋಲ್ಡರಿಗೆ ಹಾಗೆಯೇ ಕೂರುವ ದೀಪಗಳನ್ನು ಮಿತವ್ಯಯಿ ದೀಪಗಳೆಂದು ಕರೆಯುವುದು ವಾಡಿಕೆ. ಇಪ್ಪತ್ತೈದು ವರ್ಷಗಳ ಹಿಂದೆ ಹೀಗೆಂದರೆ ಸಿಎಫ್‌ಎಲ್ ಎಂದು ತಿಳಿಯಬೇಕಿತ್ತು. ಈಗ ಅದು ಹೆಚ್ಚುಕಡಿಮೆ ಎಲ್‌ಇಡಿ ಬಲ್ಬಿಗೇ ಮೀಸಲಾಗಿದೆ. 60 ವ್ಯಾಟಿನ ಹಳೆಯ ಬುರುಡೆ ಬಲ್ಬು ಕೊಡುತ್ತಿದ್ದುದು ಸುಮಾರು 700 ಲ್ಯೂಮೆನ್ ಬೆಳಕು. ಅಷ್ಟು ಬೆಳಕಿಗೆ ಸಿಎಫ್‌ಎಲ್‌ಗೆ 14 ವ್ಯಾಟ್ ಬೇಕು. 9 ವ್ಯಾಟಿನ ಎಲ್‌ಇಡಿ ಅದಕ್ಕಿಂತ ಹೆಚ್ಚನ್ನೇ, ಸುಮಾರು 900 ಲ್ಯೂಮೆನ್ ಕೊಡುತ್ತದೆ. ಮನೆಯ ಬೇರಾವ ಉಪಕರಣದಲ್ಲೂ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಇಳಿತ ಆಗಿಲ್ಲ. ಆದರೆ ಉಳಿತಾಯ ಎಷ್ಟು ಎಂಬುದು ಬಲ್ಬಿನ ಜಾತಿಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ಅದು ದಿನಕ್ಕೆ ಎಷ್ಟು ಗಂಟೆ ಉರಿಯುತ್ತದೆ ಎಂಬುದೂ ಅಷ್ಟೇ ಮುಖ್ಯ, ಬಲ್ಬು ಬದಲಿಸುವಾಗ ಹೆಚ್ಚಿನವರು ಮರೆಯುವುದು ಇದನ್ನೇ.

ಹಿನ್ನೆಲೆ

ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಮನೆಗಳಿಗಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. 1936ರಲ್ಲಿ ಬೆಂಗಳೂರಿನ ಮಲ್ಲೇಶ್ವರದ ಬಳಿ ಸ್ಥಾಪನೆಯಾದ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಮುಂದಿನ ಎರಡು ಮೂರು ತಲೆಮಾರುಗಳ ಮನೆಗಳಿಗೆ ಬಲ್ಬು ಒದಗಿಸಿತು. ಅದರ ಉತ್ಪಾದನೆ ನಿಂತದ್ದು 2003ರಲ್ಲಿ. ಗಾಜಿನ ಬುರುಡೆಯ ಕಾಲ ಮುಗಿಯುತ್ತ ಬಂದಿದ್ದ ಹೊತ್ತದು.

ಬಡವರ ಮನೆಗೆ ವಿದ್ಯುತ್ತು ಬಂದದ್ದು ಒಂದೇ ಬಲ್ಬಿನ ರೂಪದಲ್ಲಿ. 1970ರ ದಶಕದ ಕೊನೆಯಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ಭಾಗ್ಯಜ್ಯೋತಿ ಯೋಜನೆಯಲ್ಲಿ ಗುಡಿಸಲಿಗೆ 40 ವ್ಯಾಟಿನ ಒಂದು ದೀಪದ ಸಂಪರ್ಕ ಸಿಗುತ್ತಿತ್ತು. ಕೇಂದ್ರದ ಕುಟೀರ ಜ್ಯೋತಿ ಬಂದದ್ದು ಸುಮಾರು ಹತ್ತು ವರ್ಷಗಳ ನಂತರ. ಈ ಎರಡೂ ವರ್ಗದ ಮನೆಗಳಿಗೆ ತಿಂಗಳಿಗೆ 18 ಯೂನಿಟ್, ಮುಂದೆ 40 ಯೂನಿಟ್ ಉಚಿತವಾಯಿತು. ದಿನಕ್ಕೆ ಐದು ಗಂಟೆಯಂತೆ 60 ವ್ಯಾಟಿನ ಎರಡು ಬುರುಡೆ ಬಲ್ಬು ಹಚ್ಚಿದರೆ ಆ 18 ಯೂನಿಟ್ ಖಾಲಿ. ಅದೇ 18 ಯೂನಿಟ್‌ನಲ್ಲಿ 9 ವ್ಯಾಟಿನ ಹದಿಮೂರು ಎಲ್‌ಇಡಿಗಳನ್ನು ಅಷ್ಟೇ ಹೊತ್ತು ಉರಿಸಬಹುದು. ಸೌದೆ ಒಲೆಯ ಹೊಗೆಯ ಮಧ್ಯೆ ಮಂಕಾಗಿ ಉರಿಯುವ ಒಂಟಿ ದೀಪದ ಕೆಳಗೇ ಅಡುಗೆ, ಊಟ, ಮಕ್ಕಳ ಓದು ಎಲ್ಲವೂ ನಡೆಯಬೇಕಿದ್ದ ಮನೆಗಳಿಗೆ ಈ ವ್ಯತ್ಯಾಸ ಬಿಲ್ಲಿನ ಲೆಕ್ಕಕ್ಕಿಂತ ದೊಡ್ಡದು. ಒಳಕೋಣೆಗೂ ಹಿತ್ತಿಲಿಗೂ ಒಂದೊಂದು ದೀಪ ಹಾಕಿಕೊಳ್ಳುವ ಸ್ವಾತಂತ್ರ್ಯ ಅದು.

ಕೆಲಸ ಮಾಡುವ ಬಗೆ

ಬುರುಡೆ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತುವಿನ ಮೂಲಕ ವಿದ್ಯುತ್ ಹರಿದು ತಂತು ಕಾದು ಬೆಳಗುತ್ತದೆ. 1879ರ ಹೊತ್ತಿಗೆ ಅಮೆರಿಕದಲ್ಲಿ ಥಾಮಸ್ ಎಡಿಸನ್, ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್ ಈ ಬಗೆಯ ಬಲ್ಬನ್ನು, ಮೊದಲು ಇಂಗಾಲದ ತಂತುವಿನೊಂದಿಗೆ, ಬಳಕೆಗೆ ತಂದರು. ಒಳಗೆ ಹೋದ ವಿದ್ಯುತ್ತಿನಲ್ಲಿ ನೂರಕ್ಕೆ ಐದರಷ್ಟು ಮಾತ್ರ ಬೆಳಕಾಗುತ್ತದೆ, ಉಳಿದದ್ದೆಲ್ಲ ಶಾಖ. ಉರಿಯುವ ಬಲ್ಬನ್ನು ಬರಿಗೈಯಲ್ಲಿ ಮುಟ್ಟಲಾಗದ್ದು ಇದಕ್ಕೇ. ಆಯುಷ್ಯ ಸುಮಾರು 1,000 ಗಂಟೆ. ವೋಲ್ಟೇಜ್ ಇಳಿದರೆ ಇದರ ಬೆಳಕು ಬಲುಬೇಗ ಕುಗ್ಗುತ್ತದೆ: ವೋಲ್ಟೇಜಿನಲ್ಲಿ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕಿನಲ್ಲಿ ನೂರಕ್ಕೆ ಸುಮಾರು ಮೂವತ್ತು ಕಡಿಮೆ. ಸಂಜೆ ಪಂಪ್‌ಸೆಟ್ಟುಗಳು ಚಾಲೂ ಆದೊಡನೆ ಹಳ್ಳಿಯ ದೀಪಗಳು ಕೆಂಪಗೆ ಮಿಣುಕುತ್ತಿದ್ದುದರ ಕಾರಣ ಇದು.

1938ರಲ್ಲಿ ಮಾರುಕಟ್ಟೆಗೆ ಬಂದ ಟ್ಯೂಬ್‌ಲೈಟಿನಲ್ಲಿ ಕಾಯುವ ತಂತುವಿನ ಬದಲು ಪಾದರಸದ ಆವಿಯ ಮೂಲಕ ವಿದ್ಯುತ್ ಹರಿಯುತ್ತದೆ. ಆಗ ಹೊಮ್ಮುವ ಅತಿನೇರಳೆ ಕಿರಣ ಕೊಳವೆಯ ಒಳಗೋಡೆಗೆ ಬಳಿದ ಬಿಳಿ ಪುಡಿಗೆ ತಾಗಿ ಕಣ್ಣಿಗೆ ಕಾಣುವ ಬೆಳಕಾಗುತ್ತದೆ. ನಮ್ಮ ಮನೆಗಳ ನಾಲ್ಕಡಿ ಟ್ಯೂಬು ಮೊದಲು 40 ವ್ಯಾಟಿನದು, ನಂತರ ತೆಳುವಾಗಿ 36 ವ್ಯಾಟಿನದಾಯಿತು. ಆದರೆ ತಾಮ್ರದ ಸುರುಳಿಯ ಚೋಕು ತಾನೂ 12ರಿಂದ 15 ವ್ಯಾಟ್ ತಿನ್ನುತ್ತದೆ. 36 ವ್ಯಾಟ್ ಎಂದು ಬರೆದ ಟ್ಯೂಬ್‌ಲೈಟ್ ನಿಜವಾಗಿ ಎಳೆಯುವುದು 50 ವ್ಯಾಟಿನ ಹತ್ತಿರ. ಇದೇ ಟ್ಯೂಬನ್ನು ಮಡಿಸಿ, ಚೋಕನ್ನು, ಮುಂದೆ ಅದರ ಬದಲು ಇಲೆಕ್ಟ್ರಾನಿಕ್ ಸರ್ಕ್ಯೂಟನ್ನು, ಬುಡದಲ್ಲೇ ಅಡಗಿಸಿ, ಬಲ್ಬಿನ ಹೋಲ್ಡರಿಗೆ ಕೂರುವಂತೆ ಮಾಡಿದ್ದು ಸಿಎಫ್‌ಎಲ್. ಫಿಲಿಪ್ಸ್ ಕಂಪನಿ 1980ರಲ್ಲಿ ಇದನ್ನು ಮಾರಾಟಕ್ಕೆ ತಂದಿತು. ಹಾಕಿದ ಕೂಡಲೇ ಪೂರ್ತಿ ಬೆಳಕು ಬರುವುದಿಲ್ಲ, ಪದೇಪದೇ ಆನ್ ಆಫ್ ಮಾಡಿದರೆ ಬೇಗ ಹಾಳಾಗುತ್ತದೆ, ಒಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಈ ಮೂರು ದೋಷಗಳಿದ್ದರೂ ಸಿಎಫ್‌ಎಲ್ ಒಂದು ತಲೆಮಾರಿಗೆ ಮಿತವ್ಯಯ ಎಂದರೇನೆಂದು ಕಲಿಸಿತು.

ಎಲ್‌ಇಡಿ ಇವೆಲ್ಲಕ್ಕಿಂತ ಬೇರೆ ಕುಲದ್ದು. ಇಲ್ಲಿ ಕಾಯುವ ತಂತುವೂ ಇಲ್ಲ, ಅನಿಲವೂ ಇಲ್ಲ. ಅರೆವಾಹಕದ ಸಣ್ಣ ತುಣುಕಿನಲ್ಲಿ ವಿದ್ಯುತ್ತು ನೇರವಾಗಿ ಬೆಳಕಾಗುತ್ತದೆ. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಬೆಳಕಿನ ಎಲ್‌ಇಡಿ ಮಾಡಿದರು. ರೇಡಿಯೋದ, ಟೇಪ್‌ರೆಕಾರ್ಡರಿನ ಕೆಂಪು ಚುಕ್ಕೆಗಳಾಗಿ ಅದು ಮನೆಯೊಳಗೆ ಬಂತಾದರೂ ಕೋಣೆ ಬೆಳಗಲು ಬಿಳಿ ಬೆಳಕು ಬೇಕಿತ್ತು, ಬಿಳಿಗೆ ನೀಲಿ ಬೇಕಿತ್ತು, ಆ ನೀಲಿ ಮೂರು ದಶಕ ಕೈಗೆ ಸಿಗಲಿಲ್ಲ. ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುವಿನ ಒಳ್ಳೆಯ ಹರಳು ಬೆಳೆಸುವುದು ಆಗದ ಕೆಲಸವೆಂದು ಬಹಳ ಮಂದಿ ಕೈಬಿಟ್ಟಿದ್ದ ಹೊತ್ತಿನಲ್ಲಿ ಜಪಾನಿನ ಇಸಾಮು ಅಕಾಸಾಕಿ, ಹಿರೋಶಿ ಅಮಾನೋ, ಶೂಜಿ ನಕಾಮುರಾ ಪಟ್ಟುಹಿಡಿದು ಅದನ್ನು ಸಾಧಿಸಿದರು. 2014ರ ಭೌತವಿಜ್ಞಾನದ ನೊಬೆಲ್ ಈ ಮೂವರಿಗೆ ಸಂದಿತು. ಇಂದಿನ ಬಿಳಿ ಎಲ್‌ಇಡಿ ಎಂದರೆ ನೀಲಿ ಬೆಳಕಿನ ತುಣುಕಿನ ಮೇಲೆ ಹಳದಿ ರಾಸಾಯನಿಕ ಲೇಪ. ನೀಲಿಯೂ ಹಳದಿಯೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಬಲ್ಬಿನ ಬುಡದಲ್ಲಿರುವ ಡ್ರೈವರ್ ಎಂಬ ಸರ್ಕ್ಯೂಟು ಮನೆಯ 230 ವೋಲ್ಟಿನ ಎಸಿ ಕರೆಂಟನ್ನು ಈ ತುಣುಕುಗಳಿಗೆ ಬೇಕಾದ ಡಿಸಿ ಕರೆಂಟಾಗಿ ಬದಲಿಸುತ್ತದೆ. ಒಳ್ಳೆಯ ಡ್ರೈವರ್ ಇದ್ದರೆ ವೋಲ್ಟೇಜ್ 150ಕ್ಕೆ ಇಳಿದರೂ ಬೆಳಕು ಕುಗ್ಗುವುದಿಲ್ಲ. ಹಳ್ಳಿಗಳಲ್ಲಿ ಎಲ್‌ಇಡಿ ಬೇಗ ಒಪ್ಪಿಗೆಯಾದದ್ದಕ್ಕೆ ಬಿಲ್ಲಿನ ಉಳಿತಾಯದಷ್ಟೇ ಈ ಗುಣವೂ ಕಾರಣ.

ಬಲ್ಬು ಬದಲಾದ ಬಗೆ

ಜನ ಹಳೆಯ ಬಲ್ಬನ್ನು ಬಿಡದೆ ಇದ್ದದ್ದು ತಿಳಿವಳಿಕೆ ಸಾಲದೆ ಅಲ್ಲ. ಹತ್ತು ರೂಪಾಯಿಗೆ ಸಿಗುವ ಬುರುಡೆಯ ಬದಲು ಅದರ ಹತ್ತು ಪಟ್ಟು ಬೆಲೆಯ ಸಿಎಫ್‌ಎಲ್ ಕೊಳ್ಳಲು ತಿಂಗಳ ಖರ್ಚಿನಲ್ಲಿ ಜಾಗ ಇರಲಿಲ್ಲ. ಈ ತೊಡಕನ್ನು ಮೊದಲೇ ಗುರುತಿಸಿದ್ದ ಸಂಸ್ಥೆಗಳಲ್ಲಿ ಬೆಂಗಳೂರಿನ ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂ ಒಂದು. 2004ರ ಕೊನೆಯಲ್ಲಿ ಅದು ಆರಂಭಿಸಿದ ಯೋಜನೆಯಲ್ಲಿ ಗ್ರಾಹಕರು ಸಿಎಫ್‌ಎಲ್ ಪಡೆದು ಬೆಲೆಯನ್ನು ವಿದ್ಯುತ್ ಬಿಲ್ಲಿನಲ್ಲೇ ಕಂತಾಗಿ ಕಟ್ಟಬಹುದಿತ್ತು. ಉಳಿದ ಹಣದಿಂದಲೇ ಬಲ್ಬಿನ ಸಾಲ ತೀರುವ ಈ ಏರ್ಪಾಡು ಮುಂದೆ ದೇಶದ ದೊಡ್ಡ ಯೋಜನೆಗಳಲ್ಲೂ ಕಾಣಿಸಿಕೊಂಡಿತು.

2009ರಲ್ಲಿ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಬಚತ್ ಲ್ಯಾಂಪ್ ಯೋಜನೆ ತಂದಿತು. ಬುರುಡೆ ಬಲ್ಬು ಕೊಟ್ಟವರಿಗೆ 15 ರೂಪಾಯಿಗೆ ಸಿಎಫ್‌ಎಲ್. ಉಳಿದ ಬೆಲೆಯನ್ನು ಅಂತರರಾಷ್ಟ್ರೀಯ ಕಾರ್ಬನ್ ಕ್ರೆಡಿಟ್ ಮಾರಿ ತುಂಬಿಕೊಳ್ಳುವುದು ಎಂಬ ಲೆಕ್ಕ. ಕ್ರೆಡಿಟ್‌ಗಳ ಬೆಲೆ ಕುಸಿದಾಗ ಯೋಜನೆಯೂ ಸೊರಗಿತು. ಹಳ್ಳಿಯ ಮನೆಯ ದೀಪವನ್ನು ಯುರೋಪಿನ ಮಾರುಕಟ್ಟೆಯ ಏರಿಳಿತಕ್ಕೆ ಕಟ್ಟಿದ್ದು ಸರಿಯಾದ ದಾರಿ ಆಗಿರಲಿಲ್ಲ.

ಮೂರನೆಯ ಯತ್ನ ಗೆದ್ದದ್ದು ಸಗಟು ಖರೀದಿಯಿಂದ. ಸರ್ಕಾರಿ ಕಂಪನಿಗಳು ಸೇರಿ ಕಟ್ಟಿದ ಇಇಎಸ್‌ಎಲ್ ಸಂಸ್ಥೆ ಕೋಟಿಗಟ್ಟಲೆ ಎಲ್‌ಇಡಿ ಬಲ್ಬುಗಳಿಗೆ ಒಟ್ಟಾಗಿ ಟೆಂಡರ್ ಕರೆಯಿತು. 2014ರಲ್ಲಿ ಬಲ್ಬೊಂದಕ್ಕೆ 310 ರೂಪಾಯಿ ಇದ್ದ ಖರೀದಿ ದರ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. 2015ರ ಜನವರಿ 5ರಂದು ದೇಶಮಟ್ಟದಲ್ಲಿ ಚಾಲನೆ ಪಡೆದ ಈ ಯೋಜನೆಗೆ ಮುಂದೆ ಉಜಾಲಾ ಎಂದು ಹೆಸರಾಯಿತು. ಕರ್ನಾಟಕದಲ್ಲಿ ಅದು ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊಸಬೆಳಕು ಎಂಬ ಹೆಸರಿನಲ್ಲಿ ಬಂತು. ಕರೆಂಟ್ ಬಿಲ್ ತೋರಿಸಿದವರಿಗೆ 9 ವ್ಯಾಟಿನ ಬಲ್ಬು ಸುಮಾರು 100 ರೂಪಾಯಿಗೆ, ಮುಂದೆ ಇನ್ನೂ ಕಡಿಮೆಗೆ, ಮೂರು ವರ್ಷದ ಬದಲಾವಣೆಯ ಖಾತರಿಯೊಂದಿಗೆ ಸಿಕ್ಕಿತು. ರಾಜ್ಯದಲ್ಲಿ ಹಂಚಿಕೆಯಾದ ಬಲ್ಬುಗಳು 2 ಕೋಟಿಗೂ ಹೆಚ್ಚು, ದೇಶದಲ್ಲಿ 36 ಕೋಟಿಗೂ ಹೆಚ್ಚು. ಯೋಜನೆಯ ಬಲ್ಬು ಕೊಳ್ಳದವರಿಗೂ ಇದರಿಂದ ಲಾಭವಾಯಿತು, ಏಕೆಂದರೆ ಅಂಗಡಿಯ ಬೆಲೆಯೂ ಜೊತೆಗೇ ಇಳಿಯಿತು. ವರ್ಷಕ್ಕೆ 4,700 ಕೋಟಿ ಯೂನಿಟ್‌ಗೂ ಮಿಕ್ಕಿ ಉಳಿತಾಯ ಎಂಬುದು ಸರ್ಕಾರದ ಲೆಕ್ಕ. ಇದು ಮೀಟರು ಓದಿ ಕೂಡಿಸಿದ ಸಂಖ್ಯೆಯಲ್ಲ, ಪ್ರತಿ ಬಲ್ಬೂ ಇಂತಿಷ್ಟು ಗಂಟೆ ಉರಿದು ಒಂದೊಂದು ಹಳೆಯ ಬಲ್ಬಿನ ಜಾಗ ತುಂಬಿದೆ ಎಂದು ಹಿಡಿದು ಮಾಡಿದ ಅಂದಾಜು ಎಂಬುದನ್ನು ನೆನಪಿಡಬೇಕು. ಹಾಗಿದ್ದರೂ ಸಂಜೆ ಆರರಿಂದ ಹತ್ತರವರೆಗೆ, ಸೌರವಿದ್ಯುತ್ ಕೈಕೊಡುವ ಹೊತ್ತಿನಲ್ಲಿ, ಕೋಟ್ಯಂತರ ಮನೆಗಳ ದೀಪದ ಬೇಡಿಕೆ ಒಮ್ಮೆಗೇ ಕುಗ್ಗಿದ್ದು ಗ್ರಿಡ್ಡಿಗೆ ದೊಡ್ಡ ನೆರವು.

ಕರೆಂಟಿನ ತಂತಿ ಮುಟ್ಟದ ಮನೆಗಳ ಕಥೆ ಬೇರೆ. ಹರೀಶ್ ಹಂದೆ 1995ರಲ್ಲಿ ಸಹಸ್ಥಾಪಕರಾಗಿ ಕಟ್ಟಿದ ಬೆಂಗಳೂರಿನ ಸೆಲ್ಕೋ ಸಂಸ್ಥೆ ಮಲೆನಾಡು, ಕರಾವಳಿಗಳ ಒಂಟಿ ಮನೆಗಳಿಗೆ ಬ್ಯಾಂಕ್ ಸಾಲದ ನೆರವಿನಿಂದ ಸೌರದೀಪ ಒದಗಿಸಿತು. ಹಂದೆ ಅವರಿಗೆ 2011ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸೌರದೀಪದಲ್ಲಿ ಪ್ಯಾನೆಲ್ ಎಷ್ಟು ದೊಡ್ಡದು, ಬ್ಯಾಟರಿ ಎಷ್ಟು ದೊಡ್ಡದು ಎಂಬುದು ದೀಪ ತಿನ್ನುವ ವ್ಯಾಟಿನ ಮೇಲೆ ನಿಂತಿದೆ. ದೀಪ ಎಲ್‌ಇಡಿ ಆದಂತೆ ಎರಡೂ ಸಣ್ಣದಾದವು, ಸಾಲದ ಕಂತೂ ಸಣ್ಣದಾಯಿತು. ಊರುಗಳಲ್ಲಿ ಇನ್ವರ್ಟರ್ ಇಟ್ಟವರಿಗೂ ಇದೇ ಲೆಕ್ಕ.

ಗಂಟೆಯ ಲೆಕ್ಕ

ಒಂದು ಯೂನಿಟ್ ಎಂದರೆ 1,000 ವ್ಯಾಟ್ ಒಂದು ಗಂಟೆ. 60 ವ್ಯಾಟಿನ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್; 9 ವ್ಯಾಟಿನ ಎಲ್‌ಇಡಿ 1.35 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ ಸುಮಾರು 46 ರೂಪಾಯಿ ಉಳಿತಾಯ. ನೂರು ರೂಪಾಯಿಯ ಬಲ್ಬು ಎರಡೂವರೆ ತಿಂಗಳೊಳಗೆ ತನ್ನ ಬೆಲೆ ತೀರಿಸಿಕೊಳ್ಳುತ್ತದೆ. ಅದೇ ಬಲ್ಬನ್ನು ದಿನಕ್ಕೆ ಹತ್ತು ನಿಮಿಷ ಉರಿಯುವ ಉಗ್ರಾಣದಲ್ಲಿ ಹಾಕಿದರೆ ಬೆಲೆ ತೀರಲು ಸುಮಾರು ಐದೂವರೆ ವರ್ಷ ಬೇಕು. ಆದ್ದರಿಂದ ಮನೆಯ ಬಲ್ಬುಗಳನ್ನೆಲ್ಲ ಒಂದೇ ಸಲ ಬದಲಿಸಲಾಗದವರು ಹೆಚ್ಚು ಹೊತ್ತು ಉರಿಯುವುದರಿಂದ ಶುರುಮಾಡುವುದು ಮೇಲು: ಅಡುಗೆಮನೆ, ಪಡಸಾಲೆ, ರಾತ್ರಿಯಿಡೀ ಉರಿಯುವ ಗೇಟಿನ ದೀಪ.

ಈ ಲೆಕ್ಕದಲ್ಲಿ ಎಲ್ಲರ ಕಣ್ಣು ತಪ್ಪಿಸುವುದು ಝೀರೋ ಬಲ್ಬು. ದೇವರಮನೆಯಲ್ಲಿ, ಮಲಗುವ ಕೋಣೆಯಲ್ಲಿ ಉರಿಯುವ ಈ ಪುಟ್ಟ ಬಣ್ಣದ ಬಲ್ಬು ಏನೂ ತಿನ್ನುವುದಿಲ್ಲ ಎಂಬ ನಂಬಿಕೆ ಬಲವಾಗಿದೆ. ಹಳೆಯ ಬಗೆಯ ಝೀರೋ ಬಲ್ಬು ನಿಜಕ್ಕೆ 12ರಿಂದ 15 ವ್ಯಾಟಿನದು. 15 ವ್ಯಾಟಿನದು ದೇವರ ಮುಂದೆ ಹಗಲೂ ರಾತ್ರಿ ಉರಿದರೆ ತಿಂಗಳಿಗೆ 10 ಯೂನಿಟ್ ದಾಟುತ್ತದೆ, ಅಂದರೆ ಪಡಸಾಲೆಯ 60 ವ್ಯಾಟಿನ ಬಲ್ಬಿಗಿಂತ ಹೆಚ್ಚು. ಅದರ ಬದಲು ಅರ್ಧ ವ್ಯಾಟಿನ ಎಲ್‌ಇಡಿ ಹಾಕಿದರೆ ತಿಂಗಳಿಗೆ ಅರ್ಧ ಯೂನಿಟ್ ಕೂಡ ಆಗದು. ಉಳಿದೆಲ್ಲ ಬಲ್ಬು ಬದಲಿಸಿಯೂ ಇದೊಂದನ್ನು ಹಾಗೇ ಬಿಟ್ಟಿರುವ ಮನೆಗಳು ಇನ್ನೂ ಇವೆ.

ಕರ್ನಾಟಕದಲ್ಲಿ 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆ ಈ ಲೆಕ್ಕಕ್ಕೆ ಇನ್ನೊಂದು ಎಳೆ ಸೇರಿಸಿದೆ. ಯೋಜನೆಗೆ ಹಿಂದಿನ ಒಂದು ವರ್ಷದ ಸರಾಸರಿಗೆ ಶೇಕಡ 10 ಸೇರಿಸಿದಷ್ಟು ಬಳಕೆ ಉಚಿತ. ಅದನ್ನು ಮೀರಿದರೆ ಹೆಚ್ಚುವರಿಗೆ ಹಣ ಕಟ್ಟಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಬೇಸಿಗೆಯಲ್ಲಿ 195, 205ರ ನಡುವೆ ತೂಗಾಡುವ ಮನೆಯಲ್ಲಿ ಒಂದು ಝೀರೋ ಬಲ್ಬಿನ ಹತ್ತು ಯೂನಿಟ್ ಉಳಿತಾಯ ಸಾವಿರಕ್ಕೂ ಹೆಚ್ಚು ರೂಪಾಯಿಯ ಬಿಲ್ಲನ್ನು ತಪ್ಪಿಸಬಲ್ಲದು. ಬಿಲ್ಲೇ ಬಾರದ ಮನೆಗಳಲ್ಲಿಯೂ ಉಳಿತಾಯಕ್ಕೆ ಅರ್ಥವಿದೆ. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ದಿನಕ್ಕೆ ಐದು ಗಂಟೆ ಉರಿಯುವ ಒಂದು ಬುರುಡೆ ಬಲ್ಬು ಬದಲಿಸಿದರೆ ವರ್ಷಕ್ಕೆ ಸುಮಾರು 65 ಕಿಲೋಗ್ರಾಂ ಕಡಿಮೆಯಾದಂತೆ.

ಆಯ್ಕೆ

ಹಳೆಯ ಬಲ್ಬು ಕೊಳ್ಳುವಾಗ ವ್ಯಾಟ್ ನೋಡಿದರೆ ಸಾಕಿತ್ತು. ಎಲ್‌ಇಡಿಯಲ್ಲಿ ವ್ಯಾಟ್ ಎಂಬುದು ಖರ್ಚು ಮಾತ್ರ. ಬೆಳಕಿಗೆ ಲ್ಯೂಮೆನ್ ನೋಡಬೇಕು. ಎರಡು 9 ವ್ಯಾಟ್ ಬಲ್ಬುಗಳಲ್ಲಿ ಒಂದು 720 ಲ್ಯೂಮೆನ್, ಇನ್ನೊಂದು 950 ಕೊಡಬಹುದು. ಡಬ್ಬಿಯ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಸಂಖ್ಯೆ, ಇಂಧನ ದಕ್ಷತಾ ಬ್ಯೂರೋದ ನಕ್ಷತ್ರಗಳ ಚೀಟಿ ಇವೆರಡೂ ಇರಬೇಕು. ಎಲ್‌ಇಡಿ ಬಲ್ಬುಗಳಿಗೆ ಈ ನೋಂದಣಿ ಕಡ್ಡಾಯ. ಹೀಗಿದ್ದೂ ಯಾವ ಗುರುತೂ ಇಲ್ಲದ ಬಲ್ಬುಗಳು ಸಂತೆಯಲ್ಲಿ, ತಳ್ಳುಗಾಡಿಯಲ್ಲಿ ಸಿಗುತ್ತವೆ. ಅವುಗಳಲ್ಲಿ ಡ್ರೈವರಿನ ಬದಲು ಕೆಪಾಸಿಟರೊಂದನ್ನು ಇಟ್ಟು ಮುಗಿಸಿರುವುದುಂಟು. ಅಂಥವು ಬೇಗ ಹಾಳಾಗುವುದಷ್ಟೇ ಅಲ್ಲ, ಹೊರಗಿನ ಲೋಹದ ಭಾಗ ಮುಟ್ಟಿದರೆ ಶಾಕ್ ಹೊಡೆಯುವ ಅಪಾಯವೂ ಇದೆ.

25,000 ಗಂಟೆ ಎಂಬ ಬರಹವನ್ನೂ ಅರಿತು ಓದಬೇಕು. ಆ ಅಂಕಿ ಸಾಮಾನ್ಯವಾಗಿ ಬೆಳಕು ಮೂಲದ ನೂರಕ್ಕೆ 70ಕ್ಕೆ ಇಳಿಯಲು ಹಿಡಿಯುವ ಕಾಲ. ಬಲ್ಬು ಸಾಯುವುದು ಹೆಚ್ಚಾಗಿ ಬೆಳಕಿನ ತುಣುಕು ಸವೆದು ಅಲ್ಲ, ಶಾಖಕ್ಕೆ ಡ್ರೈವರಿನ ಕೆಪಾಸಿಟರ್ ಒಣಗಿ ಅಥವಾ ಸಿಡಿಲಿನ ಹೊತ್ತಿನ ವೋಲ್ಟೇಜ್ ಹೊಡೆತಕ್ಕೆ. ಗಾಳಿಯಾಡದ ಗಾಜಿನ ಗುಂಡಿನೊಳಗೆ ಕೂತ ಬಲ್ಬಿಗೆ ಆಯುಷ್ಯ ಕಡಿಮೆ. ಗುಡುಗು ಮಿಂಚು ಹೆಚ್ಚಿರುವ ಮಲೆನಾಡಿನಂಥ ಕಡೆ 4 ಕಿಲೋವೋಲ್ಟ್ ಸರ್ಜ್ ರಕ್ಷಣೆ ಇರುವ ಬಲ್ಬು ಒಳ್ಳೆಯದು.

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. 2,700ರಿಂದ 3,000 ಎಂದರೆ ಹಳೆಯ ಬಲ್ಬಿನ ಹೊಂಬಣ್ಣ, 6,500 ಎಂದರೆ ನೀಲಿ ಬೆರೆತ ಅಚ್ಚ ಬಿಳಿ. ಟ್ಯೂಬ್‌ಲೈಟಿಗೆ ಹೊಂದಿಕೊಂಡ ನಮ್ಮ ಕಣ್ಣು ಎಲ್ಲೆಡೆ ಅಚ್ಚ ಬಿಳಿಯನ್ನೇ ಬೇಡುತ್ತದೆ. ಓದುವ, ತರಕಾರಿ ಹೆಚ್ಚುವ ಜಾಗಕ್ಕೆ ಅದು ಸರಿ. ಮಲಗುವ ಕೋಣೆಗೆ ಹೊಂಬಣ್ಣ ಮೇಲು, ಏಕೆಂದರೆ ರಾತ್ರಿ ನೀಲಿ ಬೆಳಕು ನಿದ್ದೆಗೆ ಅಡ್ಡಿ. ಮಳೆಗಾಲದಲ್ಲಿ ಜಗಲಿಯ ದೀಪಕ್ಕೆ ಮುತ್ತುವ ಹುಳುಗಳೂ ಹೊಂಬಣ್ಣಕ್ಕೆ ಕಡಿಮೆ. ಇನ್ನೊಂದು ಅಳತೆ ಸಿಆರ್‌ಐ, ವಸ್ತುಗಳ ನಿಜಬಣ್ಣ ಎಷ್ಟು ತೋರುತ್ತದೆ ಎಂಬುದರ ಸೂಚ್ಯಂಕ. ಬುರುಡೆ ಬಲ್ಬಿನಲ್ಲಿ ಇದು ನೂರರ ಹತ್ತಿರ. ಎಲ್‌ಇಡಿಯಲ್ಲಿ 80ಕ್ಕಿಂತ ಕಡಿಮೆ ಇದ್ದರೆ ಕುಂಕುಮವೂ ರೇಷ್ಮೆ ಸೀರೆಯ ಕೆಂಪೂ ಮಾಸಿದಂತೆ ಕಾಣುತ್ತವೆ.

ಸ್ವಿಚ್ ಆಫ್ ಮಾಡಿದ ಮೇಲೂ ಕೆಲವು ಎಲ್‌ಇಡಿಗಳು ಮಂದವಾಗಿ ಬೆಳಗುವುದುಂಟು. ಬಲ್ಬಿನದು ತಪ್ಪಲ್ಲ. ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಯನ್ನು ಸ್ವಿಚ್ಚಿಗೆ ಕೊಟ್ಟಿರುವುದು ಅಥವಾ ಇಂಡಿಕೇಟರ್ ಇರುವ ಸ್ವಿಚ್ ಇದಕ್ಕೆ ಕಾರಣ. ಮೊದಲನೆಯದಾದರೆ ಎಲೆಕ್ಟ್ರಿಷಿಯನ್ ಕರೆಸಿ ಸರಿಪಡಿಸಲೇಬೇಕು, ಏಕೆಂದರೆ ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ, ಬಲ್ಬು ಬದಲಿಸಲು ಕೈಯಿಟ್ಟವರಿಗೆ ಅಪಾಯ.

ಹಳೆಯ ದೀಪಗಳ ವಿಲೇವಾರಿ

ಬುರುಡೆ ಬಲ್ಬು ಗಾಜು, ಲೋಹ ಮಾತ್ರ. ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್‌ಗಳಲ್ಲಿ ಪಾದರಸವಿದೆ. 2022ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಅವು ಬರುತ್ತವೆ. ಅವನ್ನು ಒಡೆಯದೆ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೇ ಕೊಡಬೇಕು. ಮನೆಯಲ್ಲಿ ಒಡೆದರೆ ಕಿಟಕಿ ತೆರೆದು ಮಕ್ಕಳನ್ನು ಹೊರಗೆ ಕಳುಹಿಸಿ ಹತ್ತು ಹದಿನೈದು ನಿಮಿಷ ಬಿಡಬೇಕು. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಬಳಸದೆ ದಪ್ಪ ಕಾಗದದಿಂದ ಚೂರು ಬಳಿದು, ಪುಡಿಯನ್ನು ಟೇಪಿಗೆ ಅಂಟಿಸಿ, ಮುಚ್ಚಳದ ಡಬ್ಬಿಯಲ್ಲಿ ಹಾಕಬೇಕು. ಪೌರಕಾರ್ಮಿಕರು ಬರಿಗೈಯಲ್ಲಿ ಕಸ ಬೇರ್ಪಡಿಸುವ ಊರುಗಳಲ್ಲಿ ಒಡೆದ ಟ್ಯೂಬನ್ನು ಕಸದ ಬುಟ್ಟಿಗೆ ಎಸೆಯುವುದು ಅವರ ಆರೋಗ್ಯಕ್ಕೆ ಮಾಡುವ ಅನ್ಯಾಯ. ಎಲ್‌ಇಡಿಯಲ್ಲಿ ಪಾದರಸವಿಲ್ಲ, ಆದರೆ ಸರ್ಕ್ಯೂಟ್ ಇರುವುದರಿಂದ ಅದೂ ಇ-ತ್ಯಾಜ್ಯವೇ.

ಪಾದರಸದ ಬಳಕೆ ತಡೆಯುವ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಅದರಡಿ ಮನೆಬಳಕೆಯ ಸಿಎಫ್‌ಎಲ್ ತಯಾರಿಕೆಗೆ 2025ನ್ನು, ಉದ್ದನೆಯ ಟ್ಯೂಬುಗಳಿಗೆ 2027ನ್ನು ಗಡುವಾಗಿ ಗೊತ್ತುಮಾಡಲಾಗಿದೆ. ಟ್ಯೂಬಿನ ಜಾಗಕ್ಕೆ 18ರಿಂದ 20 ವ್ಯಾಟಿನ ಎಲ್‌ಇಡಿ ಟ್ಯೂಬ್ ಬರುತ್ತದೆ. ಹಳೆಯ ಪಟ್ಟಿಯನ್ನೇ ಉಳಿಸಿಕೊಳ್ಳುವುದಾದರೆ ತಯಾರಕರು ಹೇಳಿದ ರೀತಿಯಲ್ಲಿ ಚೋಕು, ಸ್ಟಾರ್ಟರ್ ತೆಗೆದು ವೈರಿಂಗ್ ಬದಲಿಸಬೇಕು; ಚೋಕು ಹಾಗೇ ಇದ್ದರೆ ಅದು ತನ್ನ ಪಾಲನ್ನು ತಿನ್ನುತ್ತಲೇ ಇರುತ್ತದೆ. ಪಟ್ಟಿಸಮೇತ ಹೊಸದು ಹಾಕಿಸುವುದು ಸುಲಭ, ಬೆಲೆಯಲ್ಲೂ ಈಗ ಹೆಚ್ಚು ವ್ಯತ್ಯಾಸವಿಲ್ಲ.

ಮಿತಿಗಳು

ಶಾಖವೇ ಬೇಕಾದ ಕಡೆ ಬುರುಡೆ ಬಲ್ಬು ಇನ್ನೂ ಉಳಿದಿದೆ. ಕೋಳಿಮರಿಗಳ ಬ್ರೂಡರಿನಲ್ಲಿ ಅದನ್ನು ಉರಿಸುವುದು ಬೆಳಕಿಗಲ್ಲ, ಬೆಚ್ಚಗಿಡಲು. ಇನ್ನೊಂದು ಕಡೆ, ದೀಪ ಅಗ್ಗವಾದಂತೆ ಮನೆಗಳ ತಾರಸಿಯಲ್ಲಿ, ಕಾಂಪೌಂಡಿನಲ್ಲಿ, ಫಾಲ್ಸ್ ಸೀಲಿಂಗಿನಲ್ಲಿ ಸಾಲುದೀಪಗಳು ಹೆಚ್ಚಿವೆ. ಒಂದು 60 ವ್ಯಾಟಿನ ಬಲ್ಬಿದ್ದ ಪಡಸಾಲೆಯಲ್ಲಿ 7 ವ್ಯಾಟಿನ ಹನ್ನೆರಡು ದೀಪ ಹಾಕಿದರೆ ಒಟ್ಟು 84 ವ್ಯಾಟ್ ಆಗುತ್ತದೆ. ಎಲ್‌ಇಡಿಗೆ ಬದಲಾದ ಮನೆಯಲ್ಲಿ ಈಗ ದೀಪಕ್ಕಿಂತ ಫ್ಯಾನು ದೊಡ್ಡ ಖರ್ಚು: ಹಳೆಯ ಮಾದರಿಯದು 75 ವ್ಯಾಟಿನ ಆಸುಪಾಸು, ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನದು ಸುಮಾರು 30. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಒಂದು ಫ್ಯಾನು ಬದಲಿಸಿದರೆ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ.